ದಾದಿಗೆ ಡಾಕ್ಟರೇಟು: ಮನೆಯಲ್ಲಿ ಕುಳಿತೇ ದೊರೆಯುವುದೆ?

ವಿಜಯಪುರದಿಂದ ಪಡುವಣಕ್ಕೆ ಅಥಣಿಯ ಹೆದ್ದಾರಿಯನ್ನು ಹಿಡಿದವರಿಗೆ ಮೊದಲು ಎದುರಾಗುವುದು ತೊರವೆ. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರನ್ನಿತ್ತ ಆ ಊರಿನ ಬಯಲಿನಲ್ಲಿ ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವಿದೆ. ಅದನ್ನು ದಾಟಿ ಮುಂದೆ ಸಾಗಿದರೆ ರಸ್ತೆಯ ಇಕ್ಕೆಲಗಳಲ್ಲಿ ದ್ರಾಕ್ಷಿಯ ಚಪ್ಪರಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಕಾಣತೊಡಗುತ್ತವೆ. ತಿಕೋಟಾ ಸಮೀಪಿಸಿತೆಂದು ತಿಳಿಯಬಹುದು. ನೈಋತ್ಯದ ಕಡೆಗೆ ಹೊರಡುವ ಇನ್ನೊಂದು ದಾರಿ ಬಬಲೇಶ್ವರವನ್ನು ಮುಟ್ಟುತ್ತದೆ. ಎರಡು ಊರುಗಳೂ ಮೊನ್ನೆ ಮೊನ್ನೆಯವರೆಗೆ ವಿಜಯಪುರ ತಾಲ್ಲೂಕಿಗೆ ಸೇರಿದ್ದವು. ಈಗ ಅವೇ ತಾಲ್ಲೂಕು ಕೇಂದ್ರಗಳಾಗಿವೆ.

ಈ ದಾರಿಗಳಲ್ಲಿ ಬೆಳಗಿನ ಬಸ್ಸು ಹತ್ತಿ ನಗರದ ಆಸ್ಪತ್ರೆಗಳಿಗೆ ಬರುವವರಲ್ಲಿ ದಾದಿಯರೂ ಇದ್ದಾರೆ. ೨೦೨೩ರ ಜೂನ್ ೧೧ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲವಾದುದರಿಂದ ತಿಂಗಳ ಖರ್ಚಿನಲ್ಲಿ ಅಷ್ಟರಮಟ್ಟಿಗೆ ಉಳಿತಾಯ. ಹೆಗಲ ಚೀಲದಲ್ಲಿ ರೊಟ್ಟಿಯ ಡಬ್ಬಿ, ಮಡಿಸಿಟ್ಟ ಬಿಳಿಯ ಕೋಟು; ಕೈಯಲ್ಲಿ ಮೊಬೈಲು. ಆ ಮೊಬೈಲಿನಲ್ಲಿ ನಡುನಡುವೆ ಒಂದು ಜಾಹೀರಾತು ಇಣುಕುತ್ತದೆ: ಕೆಲಸ ಬಿಡಬೇಕಾಗಿಲ್ಲ, ಊರು ಬಿಡಬೇಕಾಗಿಲ್ಲ, ಮನೆಯಲ್ಲಿಯೇ ಕುಳಿತು ನರ್ಸಿಂಗ್ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆಯಿರಿ! ಹೆಸರಿನ ಹಿಂದೆ ‘ಡಾ.’ ಎಂಬ ಅಕ್ಷರ ಸೇರಿದರೆ ಯಾರಿಗೆ ತಾನೇ ಬೇಡ? ರಾತ್ರಿಪಾಳಿಯನ್ನು ಮುಗಿಸಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತವಳಿಗೆ ಆ ಮಾತು ಇನ್ನೂ ಸಿಹಿಯಾಗಿ ಕೇಳಿಸೀತು.

ಮಾತು ಸಿಹಿ, ಆದರೆ ಅದರ ಬೆಲೆ ಸಣ್ಣದಲ್ಲ. ಮಗಳ ಶಾಲೆಯ ಶುಲ್ಕವನ್ನೋ ಮನೆಯ ಸಾಲದ ಕಂತನ್ನೋ ಹಿಂದಕ್ಕೆ ಸರಿಸಿ ಕಟ್ಟಿದ ಹಣಕ್ಕೆ, ಮೂರು ನಾಲ್ಕು ವರ್ಷಗಳ ನಿದ್ದೆಗೆ, ಕೊನೆಗೆ ದೊರೆಯುವ ಕಾಗದಕ್ಕೆ ಮಾನ್ಯತೆಯುಂಟೆ ಎಂಬುದನ್ನು ಮೊದಲು ವಿಚಾರಿಸಬೇಕಲ್ಲವೆ?

ಕಾನೂನಿನ ಮಾತು

ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು. ಭಾರತದ ಯಾವ ವಿಶ್ವವಿದ್ಯಾನಿಲಯವೂ ಪಿಎಚ್.ಡಿ. ಪದವಿಯನ್ನು ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ಕೊಡುವಂತಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿ ಈ ಮಾತನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ. ಅದಕ್ಕೂ ಮೊದಲು, ಅದೇ ವರ್ಷದ ಅಕ್ಟೋಬರ್ ೨೮ರಂದು, ಆಯೋಗವೂ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತೂ ಜೊತೆಗೂಡಿ ಸಾರ್ವಜನಿಕರಿಗೆ ಒಂದು ಎಚ್ಚರಿಕೆಯನ್ನು ನೀಡಿದವು: ವಿದೇಶದ ವಿದ್ಯಾಸಂಸ್ಥೆಗಳ ಹೆಸರಿನಲ್ಲಿ ಖಾಸಗಿ ಶಿಕ್ಷಣ ಕಂಪೆನಿಗಳು ಮಾರುತ್ತಿರುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲ, ಜಾಹೀರಾತಿಗೆ ಮರುಳಾಗಬೇಡಿರಿ. ಇದಲ್ಲದೆ ೨೦೨೦ರ ಇನ್ನೊಂದು ನಿಯಮಾವಳಿಯು ವೈದ್ಯಕೀಯ, ದಂತವೈದ್ಯ, ಔಷಧಶಾಸ್ತ್ರಗಳ ಸಾಲಿನಲ್ಲಿ ನರ್ಸಿಂಗನ್ನೂ ಆನ್‌ಲೈನ್ ಪದವಿಗಳ ಅಂಗಳದಿಂದ ಹೊರಗಿಟ್ಟಿದೆ.

ಕಾರಣವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಕೈಯಿಂದ ಮಾಡಿ ಕಲಿಯುವ ವಿದ್ಯೆಯನ್ನು ಪರದೆಯ ಮೇಲೆ ನೋಡಿ ಕಲಿತವರ ಕೈಗೆ ರೋಗಿಯನ್ನು ಒಪ್ಪಿಸಲು ಯಾವ ಸರ್ಕಾರವೂ ಮುಂದಾಗದು. ಆದರೆ ಹತ್ತು ವರ್ಷ ವಾರ್ಡಿನಲ್ಲಿ ದುಡಿದವಳ ವಿಷಯದಲ್ಲಿಯೂ ಇದೇ ನ್ಯಾಯವೆ ಎಂಬ ಪ್ರಶ್ನೆ ಉಳಿಯುತ್ತದೆ. ಆಕೆಗೆ ಸೂಜಿ ಚುಚ್ಚುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆ ಪ್ರಶ್ನೆ ನ್ಯಾಯವಾದುದೇ. ನಮ್ಮ ದೇಶವೂ ಅದಕ್ಕೆ ಒಮ್ಮೆ ಕಿವಿಗೊಟ್ಟಿತ್ತು: ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ೧೯೯೪ರಲ್ಲಿ, ಉದ್ಯೋಗದಲ್ಲಿರುವ ಡಿಪ್ಲೊಮಾ ನರ್ಸುಗಳಿಗೆಂದೇ ದೂರಶಿಕ್ಷಣದ ಬಿ.ಎಸ್‌ಸಿ. ಪದವಿಯನ್ನು ಆರಂಭಿಸಿತು. ಪಾಠ ಅಂಚೆಯಲ್ಲಿ ಬರುತ್ತಿದ್ದರೂ ಅಭ್ಯಾಸಕ್ಕೆ ನಿಗದಿಯಾದ ಕೇಂದ್ರಕ್ಕೆ ಹೋಗಲೇಬೇಕಾಗಿತ್ತು.

ಅಮೆರಿಕದ ‘ಡಾಕ್ಟರ್’ ಬೇರೆ

ಜಾಹೀರಾತುಗಳಲ್ಲಿ ಕಾಣುವ ಪದವಿ ಬಹುಮಟ್ಟಿಗೆ ಅಮೆರಿಕದ ಸರಕು. ಅಲ್ಲಿ ನರ್ಸುಗಳಿಗೆ ಎರಡು ಬಗೆಯ ಡಾಕ್ಟರೇಟುಗಳಿವೆ. ಒಂದು ಸಂಶೋಧನೆಯ ಪಿಎಚ್.ಡಿ. ಇನ್ನೊಂದು ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’, ಅಂದರೆ ರೋಗಿಯ ಆರೈಕೆಯ ಪದ್ಧತಿಯಲ್ಲಿಯೇ ಪರಮ ಪರಿಣತಿಯನ್ನು ತೋರುವ ಪದವಿ. ಕೆಂಟಕಿ ವಿಶ್ವವಿದ್ಯಾನಿಲಯವು ೨೦೦೧ರಲ್ಲಿ ಇದನ್ನು ಮೊದಲಿಗೆ ಆರಂಭಿಸಿತು. ೨೦೦೪ರಲ್ಲಿ ಅಲ್ಲಿಯ ನರ್ಸಿಂಗ್ ಕಾಲೇಜುಗಳ ಸಂಘವು, ಉನ್ನತ ದರ್ಜೆಯ ದಾದಿಯರಿಗೆ ಮುಂದೆ ಇದೇ ಪದವಿ ಇರಬೇಕೆಂದು ಸೂಚಿಸಿದ ಮೇಲೆ ಇದು ಶೀಘ್ರವಾಗಿ ಹಬ್ಬಿತು. ಪಾಠಗಳು ಆನ್‌ಲೈನಿನಲ್ಲಿ ನಡೆಯುವುದು ಅಲ್ಲಿ ಸಾಮಾನ್ಯ. ಕನ್ನಡ ಕುಟುಂಬಗಳಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ದಾದಿಯೊಬ್ಬಳಿಗೆ ಇದು ಕೈಗೆಟುಕುವ ಪದವಿ.

ಆದರೆ ‘ಆನ್‌ಲೈನ್’ ಎಂಬ ಮಾತಿನ ಹಿಂದೆ ಜಾಹೀರಾತು ಹೇಳದೆ ಬಿಡುವ ಒಂದು ಸಂಗತಿಯಿದೆ. ೨೦೦೬ರಲ್ಲಿ ಅದೇ ಸಂಘ ಗೊತ್ತುಮಾಡಿದ ಮಾನದಂಡದಂತೆ ಈ ಪದವಿಗೆ ಸ್ನಾತಕ ಶಿಕ್ಷಣದ ಮೇಲೆ ಕನಿಷ್ಠ ೧,೦೦೦ ಗಂಟೆಗಳ ಪ್ರಾಯೋಗಿಕ ಕೆಲಸ ಬೇಕಾಗಿತ್ತು. ಅದನ್ನು ಯಾವ ಪರದೆಯೂ ಮಾಡಿಕೊಡಲಾರದು. ಅಲ್ಲಿಯವಳು ತನ್ನದೇ ಆಸ್ಪತ್ರೆಯಲ್ಲಿ, ಮಾನ್ಯತೆ ಪಡೆದ ಮಾರ್ಗದರ್ಶಕರ ಕಣ್ಣೆದುರು, ಆ ಗಂಟೆಗಳನ್ನು ತುಂಬುತ್ತಾಳೆ. ತಿಕೋಟಾದ ಮನೆಯಲ್ಲಿ ಕುಳಿತವಳು ತುಂಬುವುದೆಲ್ಲಿ? ಭಾರತದ ಉದ್ಯೋಗದ ಏಣಿಯಲ್ಲಿ ಈ ಪದವಿಗೊಂದು ಮೆಟ್ಟಿಲೂ ಇಲ್ಲ. ನಮ್ಮಲ್ಲಿ ಅದಕ್ಕೆ ಸಮೀಪದ್ದೆಂದರೆ ತೀವ್ರನಿಗಾ ಘಟಕದ ‘ನರ್ಸ್ ಪ್ರಾಕ್ಟಿಷನರ್’ ಎಂಬ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣ. ಅದು ಡಾಕ್ಟರೇಟಲ್ಲ, ಆಸ್ಪತ್ರೆಯಲ್ಲಿಯೇ ಇದ್ದು ಕಲಿಯಬೇಕಾದುದು.

ಏಣಿಯ ಮೆಟ್ಟಿಲುಗಳು

ನಮ್ಮ ದೇಶದಲ್ಲಿ ದಾದಿಯರ ಉನ್ನತ ಶಿಕ್ಷಣಕ್ಕೆ ವಯಸ್ಸು ಹೆಚ್ಚಾಗಿಲ್ಲ. ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಬಿ.ಎಸ್‌ಸಿ. ಪದವಿ ಪ್ರಾರಂಭವಾದುದು ೧೯೪೬ರಲ್ಲಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದುದು ಮರುವರ್ಷ. ಎಂ.ಎಸ್‌ಸಿ.ಗಾಗಿ ೧೯೫೯ರವರೆಗೆ ಕಾಯಬೇಕಾಯಿತು. ಡಾಕ್ಟರೇಟು ಬಂದುದು ಮತ್ತೂ ಮೂರು ದಶಕಗಳು ಕಳೆದ ಮೇಲೆ.

ಬಹುಮಂದಿ ದಾದಿಯರ ನಿಜವಾದ ಅಡಚಣೆ ಪಿಎಚ್.ಡಿ.ಯಲ್ಲಿಲ್ಲ, ಅದರ ಹಿಂದಿನ ಮೆಟ್ಟಿಲಿನಲ್ಲಿದೆ. ಮೂರು ವರ್ಷಗಳ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವಳು ಮೊದಲು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಬೇಕು. ಬಳಿಕ ಎರಡು ವರ್ಷಗಳ ಎಂ.ಎಸ್‌ಸಿ. ಇದು ಪೂರ್ಣಕಾಲದ ವ್ಯಾಸಂಗ, ದಿನವೂ ಹಾಜರಿ ಬೇಕು. ಸರ್ಕಾರಿ ಸೇವೆಯಲ್ಲಿದ್ದವಳು ಅಧ್ಯಯನದ ರಜೆಗೆ ಸರದಿ ಕಾಯಬೇಕು. ಖಾಸಗಿ ಆಸ್ಪತ್ರೆಯವಳು ಬಹುಮಟ್ಟಿಗೆ ಕೆಲಸವನ್ನೇ ಬಿಡಬೇಕು. ಎರಡು ವರ್ಷ ಸಂಬಳವಿಲ್ಲದೆ ಮನೆ ನಡೆದೀತೆ ಎಂಬ ಲೆಕ್ಕದಲ್ಲಿಯೇ ಎಷ್ಟೋ ಆಸೆಗಳು ಮುದುಡಿಹೋಗುತ್ತವೆ. ‘ಎಂ.ಎಸ್‌ಸಿ. ಇಲ್ಲದೆಯೂ ನೇರವಾಗಿ ಡಾಕ್ಟರೇಟ್’ ಎಂದು ಸಾರುವ ಜಾಹೀರಾತು ಬಲೆ ಬೀಸುವುದು ಇಂಥವರಿಗೇ. ಹಣ ಕೊಟ್ಟವರಿಗೆಲ್ಲ ‘ಗೌರವ ಡಾಕ್ಟರೇಟ್’ ಹಂಚಿ ಶಾಲು ಹೊದಿಸಿ ಭಾವಚಿತ್ರ ತೆಗೆಸುವ ಸಂಘಗಳ ಮಾತಂತೂ ಇಲ್ಲಿ ಬೇಡ.

ತೆರೆದಿರುವ ಬಾಗಿಲು

ಎಂ.ಎಸ್‌ಸಿ.ಯನ್ನು ಶೇಕಡಾ ೫೫ರಷ್ಟು ಅಂಕಗಳೊಂದಿಗೆ ಮುಗಿಸಿದವಳಿಗೆ ಕಾನೂನು ಒಂದು ಬಾಗಿಲನ್ನು ತೆರೆದೇ ಇಟ್ಟಿದೆ. ಅದಕ್ಕೆ ‘ಅರೆಕಾಲಿಕ ಪಿಎಚ್.ಡಿ.’ ಎಂದು ಹೆಸರು. ಉದ್ಯೋಗದಲ್ಲಿದ್ದುಕೊಂಡೇ ಸಂಶೋಧನೆ ನಡೆಸಬಹುದು. ಆದರೆ ಉದ್ಯೋಗ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರವನ್ನು ತರಬೇಕು. ಅಧ್ಯಯನಕ್ಕೆ ಸಮಯ ಕೊಡುತ್ತೇವೆ, ಸಂಶೋಧನೆಗೆ ನಮ್ಮಲ್ಲಿ ಅನುಕೂಲತೆಗಳಿವೆ, ಅಗತ್ಯ ಬಿದ್ದರೆ ವಿಷಯವ್ಯಾಸಂಗದ ಅವಧಿಗೆ ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂದು ಆ ಪತ್ರ ಹೇಳಬೇಕು. ಕಾಗದವೇನೋ ಒಂದೇ ಪುಟದ್ದು. ಆದರೆ ದಾದಿಯರ ಕೊರತೆಯಿರುವ ವಾರ್ಡಿನ ಮೇಲ್ವಿಚಾರಕಿಯ ಮುಂದೆ ಅದನ್ನು ಹಿಡಿದು ನಿಲ್ಲುವುದು ಪ್ರವೇಶ ಪರೀಕ್ಷೆಗಿಂತ ಕಠಿಣವಾದ ಪರೀಕ್ಷೆ.

ಅವಧಿಯ ವಿಷಯದಲ್ಲಿ ನಿಯಮ ಉದಾರವಾಗಿದೆಯೆಂದೇ ಹೇಳಬೇಕು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮತ್ತೆ ನೋಂದಣಿ ಮಾಡಿಸಿಕೊಂಡರೆ ಎರಡು ವರ್ಷ. ಹೆಂಗಸರಿಗೆ ಅದರ ಮೇಲೆಯೂ ಎರಡು ವರ್ಷ. ಒಟ್ಟು ಹತ್ತು. ಹೆರಿಗೆ ಮತ್ತು ಶಿಶುಪಾಲನೆಗೆ ೨೪೦ ದಿನಗಳವರೆಗೆ ರಜೆ. ಈ ಅಂಕಿಗಳನ್ನು ಬರೆದವರಾರೋ ಸಂಸಾರದ ಕಷ್ಟವನ್ನು ಬಲ್ಲವರಿರಬೇಕು.

ಇಲ್ಲಿಯೇ ಮೊಬೈಲು ಉಪಯೋಗಕ್ಕೆ ಬರುತ್ತದೆ. ಪದವಿ ಆನ್‌ಲೈನಿನದಲ್ಲದಿದ್ದರೂ ಪದವಿಯ ದಾರಿಯ ಬಹುಭಾಗವನ್ನು ಇಂದು ಆನ್‌ಲೈನಿನಲ್ಲಿ ನಡೆಯಬಹುದು. ಬೆಂಗಳೂರಿನಲ್ಲಿ ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ೨೦೦೩ರಿಂದ ‘ಹೆಲಿನೆಟ್’ ಎಂಬ ವಿದ್ಯುನ್ಮಾನ ಗ್ರಂಥಾಲಯವನ್ನು ನಡೆಸುತ್ತಿದೆ. ದೇಶದ ವಿಶ್ವವಿದ್ಯಾನಿಲಯಗಳು ಒಪ್ಪಿಕೊಂಡ ಮಹಾಪ್ರಬಂಧಗಳು ‘ಶೋಧಗಂಗಾ’ ಭಂಡಾರದಲ್ಲಿ ಯಾರು ಬೇಕಾದರೂ ಓದಲು ದೊರೆಯುತ್ತವೆ. ಮಧ್ಯರಾತ್ರಿಯ ಪಾಳಿಯ ನಂತರ, ಬಬಲೇಶ್ವರದ ಮನೆಯ ಪಡಸಾಲೆಯಲ್ಲಿ ಕುಳಿತು ಓದಲೂ ಅಡ್ಡಿಯಿಲ್ಲ. ಅಂತಿಮ ಮೌಖಿಕ ಪರೀಕ್ಷೆಯನ್ನೂ ಆನ್‌ಲೈನಿನಲ್ಲಿ ನಡೆಸಲು ೨೦೨೨ರ ನಿಯಮ ಅವಕಾಶ ಕೊಟ್ಟಿದೆ. ನರ್ಸಿಂಗ್ ಸಂಶೋಧನೆಯನ್ನು ಬೆಳೆಸಲೆಂದು ಭಾರತೀಯ ನರ್ಸಿಂಗ್ ಪರಿಷತ್ತು, ಬೆಂಗಳೂರಿನ ಇದೇ ವಿಶ್ವವಿದ್ಯಾನಿಲಯ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ ಈ ಶತಮಾನದ ಮೊದಲ ದಶಕದಲ್ಲಿಯೇ ರಾಷ್ಟ್ರೀಯ ಒಕ್ಕೂಟವೊಂದನ್ನು ರಚಿಸಿದ್ದವು. ಬೇರೆ ಬೇರೆ ರಾಜ್ಯಗಳ ಕಾಲೇಜುಗಳು ಅದರ ಅಧ್ಯಯನ ಕೇಂದ್ರಗಳಾದವು.

ಹಾಗಾದರೆ ಊರು ಬಿಟ್ಟು ಹೋಗಬೇಕಾದುದು ಯಾವುದಕ್ಕೆ? ಮುಖ್ಯವಾಗಿ ಮಾರ್ಗದರ್ಶಕರಿಗಾಗಿ. ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು ಮಂದಿಗೆ, ಸಹಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನರ್ಸಿಂಗಿನಲ್ಲಿ ಡಾಕ್ಟರೇಟು ಪಡೆದವರೇ ವಿರಳವಾಗಿರುವಾಗ ಖಾಲಿ ಜಾಗ ಸುಲಭವಾಗಿ ಸಿಗುವುದಿಲ್ಲ. ವಿಜಯಪುರದಲ್ಲಿ ನರ್ಸಿಂಗ್ ಕಾಲೇಜುಗಳಿವೆ, ವೈದ್ಯಕೀಯ ಕಾಲೇಜುಗಳಿವೆ. ಆದರೂ ಮಾರ್ಗದರ್ಶಕರು ಬೆಂಗಳೂರಿನಲ್ಲಿ ದೊರೆತರೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಒಂದಿಡೀ ರಾತ್ರಿಯ ಪ್ರಯಾಣ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಕೆಲಸದ ಪ್ರಗತಿಯನ್ನು ಒಪ್ಪಿಸಬೇಕು. ರಜೆಯ ಅರ್ಜಿ, ಮಕ್ಕಳನ್ನು ನೋಡಿಕೊಳ್ಳಲು ಅತ್ತೆಯವರ ಒಪ್ಪಿಗೆ, ಪಾಳಿ ಬದಲಿಸಿಕೊಳ್ಳಲು ಗೆಳತಿಯ ಕೃಪೆ: ಮೂರೂ ಒಂದೇ ವಾರದಲ್ಲಿ ಕೂಡಿಬರಬೇಕು.

ಅಂಚೆಯಲ್ಲಿ ಸಂಶೋಧನೆ ಮಾಡಿದಾಕೆ

ದೂರದಿಂದ ಸಂಶೋಧನೆ ಸಾಧ್ಯವೇ ಇಲ್ಲವೆ ಎಂದು ವಾಚಕರು ಕೇಳಬಹುದು. ದಾದಿಯರ ಕುಲಕ್ಕೇ ಹಿರಿಯಳಾದ ಫ್ಲಾರೆನ್ಸ್ ನೈಟಿಂಗೇಲ್ ಅದನ್ನು ಮಾಡಿ ತೋರಿಸಿದ್ದಾಳೆ. ಅದೂ ಭಾರತದ ಮೇಲೆ! ಕ್ರಿಮಿಯಾ ಯುದ್ಧದಿಂದ ಮರಳಿದ ಆಕೆ ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯಸ್ಥಿತಿಯನ್ನು ಪರೀಕ್ಷಿಸಲು ರಾಜ ಆಯೋಗ ರಚಿತವಾದಾಗ ಆಕೆ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ಇಲ್ಲಿಯ ದಂಡುಪ್ರದೇಶಗಳಿಗೆಲ್ಲ ಕಳುಹಿಸುವ ಏರ್ಪಾಡು ಮಾಡಿದಳು. ಕುಡಿಯುವ ನೀರು ಎಲ್ಲಿಯದು, ಚರಂಡಿ ಎತ್ತ ಹರಿಯುತ್ತದೆ, ಒಂದು ಕೊಠಡಿಯಲ್ಲಿ ಎಷ್ಟು ಮಂದಿ ಮಲಗುತ್ತಾರೆ ಎಂಬಂಥ ಪ್ರಶ್ನೆಗಳಿಗೆ ಬಂದ ಉತ್ತರಗಳ ರಾಶಿಯಿಂದ ಸಿಪಾಯಿಗಳು ಸಾಯುತ್ತಿದ್ದುದೇತಕ್ಕೆಂದು ಲೆಕ್ಕಹಾಕಿದಳು. ವರದಿ ೧೮೬೩ರಲ್ಲಿ ಹೊರಬಂದಿತು. ಆಕೆ ಜೀವಮಾನದಲ್ಲಿ ಒಮ್ಮೆಯೂ ಭಾರತದ ನೆಲವನ್ನು ಮೆಟ್ಟಲಿಲ್ಲ.

ಆದರೆ ಪ್ರತಿ ದಂಡಿನಲ್ಲಿಯೂ ಆಕೆಯ ಪರವಾಗಿ ನೋಡಿ, ಅಳೆದು, ಬರೆದು ಕಳುಹಿಸಿದವರೊಬ್ಬರಿದ್ದರು. ಯಾರಾದರೊಬ್ಬರು ಸ್ಥಳದಲ್ಲಿ ಇರಲೇಬೇಕಾಯಿತು. ವಿಜಯಪುರದ ಉದ್ಯೋಗಸ್ಥ ದಾದಿಯ ಹೆಚ್ಚಳವಿರುವುದು ಇಲ್ಲಿಯೇ. ಬೆಂಗಳೂರಿನ ಪ್ರಾಧ್ಯಾಪಕರಿಗೆ ಇಲ್ಲದುದು ಅವಳಿಗಿದೆ: ಅವಳು ಸ್ಥಳದಲ್ಲಿದ್ದಾಳೆ.

ಉದ್ಯೋಗದ ನಡುವೆ ಸಂಶೋಧನೆ ಎಂಬುದು ವಿಜಯಪುರಕ್ಕೆ ಹೊಸದೂ ಅಲ್ಲ. ಫ. ಗು. ಹಳಕಟ್ಟಿಯವರು ಈ ಊರಿನಲ್ಲಿ ವಕೀಲಿ ಮಾಡುತ್ತಲೇ ಮನೆಮನೆ ಮಠಮಠಗಳಿಂದ ತಾಳೆಗರಿಗಳನ್ನು ಸಂಗ್ರಹಿಸಿ ವಚನಗಳನ್ನು ಬೆಳಕಿಗೆ ತಂದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಕರ್ನಾಟಕ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿದುದು ೧೯೫೬ರಲ್ಲಿ, ಅವರಿಗೆ ಎಪ್ಪತ್ತಾರು ವರ್ಷಗಳಾದಾಗ. ಅವರು ೧೯೧೦ರಲ್ಲಿ ನೆಟ್ಟ ಬಿ.ಎಲ್.ಡಿ.ಇ. ಸಂಸ್ಥೆಯ ಆಶ್ರಯದಲ್ಲಿಯೇ ಇಂದು ನಗರದ ಒಂದು ನರ್ಸಿಂಗ್ ಕಾಲೇಜು ನಡೆಯುತ್ತಿದೆ.

ಚಪ್ಪರದ ಕೆಳಗಿನ ಪ್ರಶ್ನೆ

ವೈದ್ಯನ ಸಂಶೋಧನೆ ‘ಯಾವ ರೋಗ, ಯಾವ ಔಷಧ’ ಎಂದು ಕೇಳುತ್ತದೆ. ದಾದಿಯ ಸಂಶೋಧನೆ ಕೇಳುವುದು ಇನ್ನೊಂದನ್ನು: ಔಷಧ ಬರೆದುಕೊಟ್ಟ ಮೇಲೆ ಆ ಮನುಷ್ಯ ಮನೆಯಲ್ಲಿ ಏನು ಮಾಡುತ್ತಾನೆ, ಏಕೆ ಮಾಡುತ್ತಾನೆ, ಏನು ಹೇಳಿಕೊಟ್ಟರೆ ಬದಲಾಗುತ್ತಾನೆ? ಅಂಥ ಪ್ರಶ್ನೆಗಳಿಗೆ ತಿಕೋಟಾ ಬಬಲೇಶ್ವರಗಳಲ್ಲಿ ಬರವಿಲ್ಲ.

ದ್ರಾಕ್ಷಿಯ ತೋಟವನ್ನೇ ತೆಗೆದುಕೊಳ್ಳಿರಿ. ಕರ್ನಾಟಕದಲ್ಲಿ ದ್ರಾಕ್ಷಿ ಬೆಳೆಯಲು ವಿಜಯಪುರ ಜಿಲ್ಲೆ ಹೆಸರಾದುದು. ರೈತರು ಚಾಟ್ನಿ ಎಂದು ಕರೆಯುವ ಕೊಂಬೆ ಕತ್ತರಿಸುವ ಕೆಲಸ ವರ್ಷಕ್ಕೆ ಎರಡು ಸಲ ನಡೆಯುತ್ತದೆ: ಬೇಸಗೆಯಲ್ಲಿ ಒಮ್ಮೆ, ಹಣ್ಣಿಗಾಗಿ ಅಕ್ಟೋಬರಿನ ಸುಮಾರಿಗೆ ಇನ್ನೊಮ್ಮೆ. ಅಕ್ಟೋಬರಿನ ಚಾಟ್ನಿಯಾದ ಬಳಿಕ ಬಳ್ಳಿಯ ಕಣ್ಣುಗಳೆಲ್ಲ ಒಮ್ಮೆಗೇ ಚಿಗುರಲೆಂದು ಹೈಡ್ರೋಜನ್ ಸಯನಮೈಡ್ ಎಂಬ ದ್ರವವನ್ನು ಅವುಗಳಿಗೆ ಲೇಪಿಸುವ ರೂಢಿಯಿದೆ. ಚರ್ಮಕ್ಕೂ ಕಣ್ಣಿಗೂ ಅದು ಹಾನಿಕರ. ಅದನ್ನು ಮುಟ್ಟಿದವರು ಅದರ ಹಿಂದೆ ಮುಂದೆ ಮದ್ಯ ಕುಡಿದರಂತೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಉಸಿರು ಕಟ್ಟುವುದುಂಟು. ಕೈಚೀಲ ಧರಿಸಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಬರಹವನ್ನು ಓದುವವರಾರು? ಸೆಕೆಯಲ್ಲಿ ಕೈಚೀಲವನ್ನು ಕಳಚಿಡುವವರೆಷ್ಟು ಮಂದಿ? ಮನೆಗೆ ಹೋಗಿ ಕೈ ತೊಳೆಯದೆ ಕೂಸನ್ನು ಎತ್ತಿಕೊಳ್ಳುವ ತಾಯಂದಿರೆಷ್ಟು? ಹಣ್ಣನ್ನು ಒಣಗಿಸುವ ಶೆಡ್ಡಿನಲ್ಲಿ ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವಾಗ ಕೆಮ್ಮುವವರು ಯಾರು? ಒಂದು ಮಹಾಪ್ರಬಂಧಕ್ಕೆ ಇಷ್ಟು ಸಾಲದೆ?

ಈ ಪ್ರಶ್ನೆಗಳನ್ನು ಕೇಳುವ ಭಾಷೆಯೂ ಒಂದು ವಿದ್ಯೆ. ಪ್ರಶ್ನಾವಳಿಯನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ರಚಿಸಿ ಕನ್ನಡಕ್ಕೆ ತರುತ್ತಾರೆ. ಬಳಿಕ ಮೂಲವನ್ನು ನೋಡದ ಇನ್ನೊಬ್ಬರಿಂದ ಅದನ್ನು ಮರಳಿ ಇಂಗ್ಲಿಷಿಗೆ ಮಾಡಿಸಿ, ಅರ್ಥ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ‘ನಿಮಗೆ ಶ್ವಾಸೋಚ್ಛ್ವಾಸದ ತೊಂದರೆ ಇದೆಯೆ?’ ಎಂದು ಗ್ರಾಂಥಿಕವಾಗಿ ಕೇಳಿದರೆ ತೋಟದ ಹೆಣ್ಣಾಳು ಇಲ್ಲವೆಂದೇ ತಲೆಯಲ್ಲಾಡಿಸಿಯಾಳು. ‘ದಮ್ಮ ಹತ್ತತದೇನ್ರಿ?’ ಎಂದು ಕೇಳಿದರೆ ಒಂದು ಗಂಟೆಯ ಕಥೆ ಹೊರಬರುತ್ತದೆ. ಹಾಗೆ ಕೇಳಲು ಬಲ್ಲವಳು ಆ ಊರಿನ ಬಸ್ಸು ಹತ್ತುವ ನರ್ಸಬಾಯಿಯೇ.

ಪದವಿಯಿಂದೇನು ಲಾಭ?

ಲೌಕಿಕದ ಮಾತನ್ನೂ ಆಡಿಬಿಡಬೇಕು. ರೋಗಿಯ ಹಾಸಿಗೆಯ ಬಳಿ ಕೆಲಸ ಮಾಡುವ ದಾದಿಗೆ ಪಿಎಚ್.ಡಿ.ಯಿಂದ ಸಂಬಳ ಏರುವುದೆಂಬ ಭರವಸೆಯಿಲ್ಲ. ಅದು ಪ್ರಯೋಜನಕ್ಕೆ ಬರುವುದು ಬಹುಮಟ್ಟಿಗೆ ಕಾಲೇಜಿನ ಬೋಧಕವೃತ್ತಿಯಲ್ಲಿ. ಅಲ್ಲಿಯೂ ನರ್ಸಿಂಗ್ ಪರಿಷತ್ತಿನ ಮಾನದಂಡ ಪ್ರಾಂಶುಪಾಲರ ಹುದ್ದೆಗೆ ಎಂ.ಎಸ್‌ಸಿ.ಯನ್ನೂ ದೀರ್ಘ ಅನುಭವವನ್ನೂ ಕಡ್ಡಾಯ ಮಾಡಿ, ಪಿಎಚ್.ಡಿ.ಯನ್ನು ಅಪೇಕ್ಷಣೀಯವೆಂದಿತ್ತು. ಹಳ್ಳಿಯ ಕಟ್ಟೆಯ ಮೇಲಿನ ಮುದುಕರ ಚಿಂತೆ ಇನ್ನೊಂದು ಬಗೆಯದು: ‘ನರ್ಸಬಾಯಿ ಡಾಕ್ಟರಾದ್ರ ನಮಗ ಸೂಜಿ ಮಾಡೋರು ಯಾರ್ರಿ?’ ನಗೆಯ ಮಾತಾದರೂ ಅದರಲ್ಲಿ ಅರ್ಥವಿಲ್ಲದಿಲ್ಲ. ಓದಿದವರೆಲ್ಲ ವಾರ್ಡನ್ನು ಬಿಟ್ಟು ತರಗತಿಗೆ ಹೋದರೆ ವಾರ್ಡಿಗಾದ ಲಾಭವೇನು? ಡಾಕ್ಟರೇಟು ಪಡೆದ ದಾದಿ ವಾರ್ಡಿನಲ್ಲಿಯೇ ಇದ್ದು, ತನ್ನ ಸಂಶೋಧನೆಯನ್ನು ಅಲ್ಲಿಯೇ ಬಳಸುವಂತಹ ಹುದ್ದೆಗಳನ್ನು ನಮ್ಮ ಆಸ್ಪತ್ರೆಗಳು ಇನ್ನು ಸೃಷ್ಟಿಸಬೇಕಾಗಿದೆ.

ಹೊರಡಲು ನಿಶ್ಚಯಿಸಿದವಳು ಹಣ ಕಟ್ಟುವ ಮುನ್ನ ಮೂರು ವಿಷಯಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಕ್ಷೇಮ: ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು, ಪ್ರವೇಶ ಪರೀಕ್ಷೆ ಇದೆಯೆ, ಮಾರ್ಗದರ್ಶಕರ ಹೆಸರೇನು. ಪರೀಕ್ಷೆಯೇ ಇಲ್ಲವೆಂದರೆ ಅಲ್ಲಿಂದಲೇ ಹಿಂದಿರುಗಬಹುದು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಧನಸಹಾಯ ಆಯೋಗವೇ ಪ್ರಕಟಿಸುತ್ತದೆ. ನೋಡಲು ಕಾಸು ಖರ್ಚಿಲ್ಲ.

ಪ್ರವೇಶ ದೊರೆತ ಮೇಲೆ ಎದುರಾಗುವುದು ನೀತಿಸಮಿತಿ. ಮನುಷ್ಯರ ಮೇಲೆ ನಡೆಯುವ ಯಾವ ಅಧ್ಯಯನಕ್ಕೂ ಅದರ ಒಪ್ಪಿಗೆ ಬೇಕು. ಪ್ರಶ್ನೆಗೆ ಉತ್ತರಿಸುವ ಪ್ರತಿಯೊಬ್ಬರಿಂದಲೂ ಅವರಿಗೆ ತಿಳಿಯುವ ಭಾಷೆಯಲ್ಲಿ ಸಮ್ಮತಿಪತ್ರಕ್ಕೆ ಸಹಿ ಇಲ್ಲವೆ ಹೆಬ್ಬೆಟ್ಟು ಬೇಕು. ಸಮಿತಿಯ ಸಭೆ ಸೆಪ್ಟೆಂಬರಿನಲ್ಲಿ ಮುಗಿದರೆ ಅ‌ಕ್ಟೋಬರಿನ ಚಾಟ್ನಿಯ ವೇಳೆಗೆ ಅವಳು ತೋಟದಲ್ಲಿರುತ್ತಾಳೆ. ನವೆಂಬರಿಗೆ ಮುಂದೂಡಿತೆಂದರೆ ಅಷ್ಟರಲ್ಲಿ ಬಳ್ಳಿ ಚಿಗುರಿರುತ್ತದೆ, ಆಳುಗಳು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಮತ್ತೆ ಒಂದು ವರ್ಷ ಕಾಯಬೇಕು. ಹತ್ತರಲ್ಲಿ ಒಂದು ಹೋಯಿತು, ಇನ್ನು ಒಂಬತ್ತು.